47ನೇ ಮನೆಯ ಬೀಗ

ಮನೆಯವರು ಎಷ್ಟು ದಿನಗಳಿಂದ ಊರಲ್ಲಿಲ್ಲ ಎಂಬುದನ್ನು ಬೀಗ ನೋಡಿಯೇ ಹೇಳಲು ನಾನು ಕಲಿತದ್ದು ಯಾದಗಿರಿ ಜಿಲ್ಲೆಯಲ್ಲಿ. ಹೊಲಕ್ಕೆ ಹೋದವರ ಬೀಗ ದಿನವೂ ಕೈ ತಾಗಿ ತಾಗಿ ಹೊಳೆಯುತ್ತಿರುತ್ತದೆ. ನೆಂಟರ ಮದುವೆಗೆ ಹೋದವರ ಮನೆಯಲ್ಲಿ ಬೀಗ ಬಿದ್ದಿದ್ದರೂ ಕಟ್ಟೆಯ ಮೇಲೆ ಬೋರಲು ಹಾಕಿದ ಕೊಡವೋ, ಹಗ್ಗದ ಮೇಲೆ ಮರೆತ ಬಟ್ಟೆಯೋ ಇರುತ್ತದೆ. ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದವರು ಮಾತ್ರ ಬೀಗಕ್ಕೆ ಪ್ಲಾಸ್ಟಿಕ್ ಚೀಲದ ತುಂಡು ಸುತ್ತಿ, ಮೇಲೆ ದಾರ ಬಿಗಿದಿರುತ್ತಾರೆ. ಮಳೆಗೂ ದೂಳಿಗೂ ಒಳಗಡೆ ತುಕ್ಕು ಹಿಡಿದರೆ ತಿಂಗಳುಗಳ ಮೇಲೆ ಬಂದಾಗ ಬೀಗ ತೆಗೆಯಲು ಬರುವುದಿಲ್ಲವಲ್ಲ. ಅಂಥ ಮನೆಯ ಹೊಸ್ತಿಲ ಮೇಲೆ ರಂಗೋಲಿಯ ಬಿಳುಪು ಕೂಡ ಉಳಿದಿರುವುದಿಲ್ಲ.

ವಿಶ್ವವಿದ್ಯಾಲಯವೊಂದರ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ನಾನು ಸಂಶೋಧನಾ ಸಹಾಯಕಿಯಾಗಿ ಸೇರಿದಾಗ ಇಂಥ ಸಂಗತಿಗಳನ್ನು ಕಲಿಯಬೇಕಾಗುತ್ತದೆ ಎಂಬ ಕಲ್ಪನೆಯೇ ಇರಲಿಲ್ಲ. ಎರಡು ವರ್ಷ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದಿ, ಅಂಕಿಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಕಲಿತು, ಸಂಶೋಧನೆ ಎಂದರೆ ಕಂಪ್ಯೂಟರಿನ ಮುಂದೆ ನಡೆಯುವ ಕೆಲಸ ಎಂದುಕೊಂಡೇ ಬಂದಿದ್ದೆ. ನಮ್ಮ ಯೋಜನೆಯ ವಿಷಯ ರಕ್ತಹೀನತೆ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅದು ಎಷ್ಟಿದೆ, ಕಬ್ಬಿಣಾಂಶದ ಮಾತ್ರೆ ಯಾರಿಗೆ ತಲುಪುತ್ತಿದೆ, ತಲುಪಿದ್ದರಲ್ಲಿ ಹೊಟ್ಟೆಗೆ ಹೋಗುವುದೆಷ್ಟು ಎಂದು ತಿಳಿಯುವುದು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಈ ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 44.8 ಇತ್ತು. ಮಾತ್ರೆ ಹಂಚುವ ಕಾರ್ಯಕ್ರಮಗಳು ಹೆಚ್ಚಿದವು, ರಕ್ತಹೀನತೆ ಕಡಿಮೆಯಾಗಲಿಲ್ಲ. ಯಾಕೆ ಎಂಬ ಪ್ರಶ್ನೆ ನನ್ನ ಮಾರ್ಗದರ್ಶಕಿಯವರನ್ನು ಬಹಳ ವರ್ಷಗಳಿಂದ ಕಾಡುತ್ತಿತ್ತು.

ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾಗಿಲು ತಟ್ಟುವಷ್ಟರಲ್ಲಿ ಏಳು ತಿಂಗಳು ಕಳೆದಿದ್ದವು. ಅದರಲ್ಲಿ ಅರ್ಧ ಕಾಲ ಕಾಗದಪತ್ರಕ್ಕೇ ಹೋಯಿತು. ಅನುದಾನದ ಕಂತು ಬರುವುದು ತಡವಾಗಿ ನಮಗೆ ಎರಡು ತಿಂಗಳು ಸಂಬಳವಾಗಲಿಲ್ಲ. ಗುತ್ತಿಗೆಯ ಮೇಲೆ ದುಡಿಯುವ ಎಲ್ಲ ಸಂಶೋಧನಾ ಸಿಬ್ಬಂದಿಗೂ ಇದು ಗೊತ್ತಿರುವ ಕಷ್ಟ. ನೈತಿಕ ಸಮಿತಿಯ ಸಭೆಯನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ಮನುಷ್ಯರ ಮೇಲೆ ನಡೆಯುವ ಯಾವ ಸಂಶೋಧನೆಗೂ ಇಂಥ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಮಿತಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರು, ವಿಜ್ಞಾನಿಗಳ ಜೊತೆಗೆ ಕಾನೂನು ಬಲ್ಲವರೊಬ್ಬರು ಇರಬೇಕು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಒಬ್ಬ ಜನಸಾಮಾನ್ಯರೂ ಇರಬೇಕು. ನಮ್ಮ ಸಮಿತಿಯಲ್ಲಿ ಆ ಸ್ಥಾನದಲ್ಲಿದ್ದವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಾನು ಬಹಳ ಶ್ರಮಪಟ್ಟು ಕನ್ನಡಕ್ಕೆ ತಂದಿದ್ದ ಒಪ್ಪಿಗೆ ಪತ್ರವನ್ನು ಅವರು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ‘ಪ್ರಸ್ತುತ ಅಧ್ಯಯನದಲ್ಲಿನ ತಮ್ಮ ಪಾಲ್ಗೊಳ್ಳುವಿಕೆಯು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿದ್ದು’ ಎಂಬಲ್ಲಿ ನಿಲ್ಲಿಸಿ, ‘ಇದನ್ನು ಕೇಳಿಸಿಕೊಂಡ ಹೆಣ್ಣುಮಗಳು ಬೇಡ ಎನ್ನುವುದು ಹೇಗೆ? ಬೇಡ ಎನ್ನಬಹುದು ಎಂದು ಇದರಲ್ಲಿ ಎಲ್ಲಿದೆ?’ ಎಂದು ಕೇಳಿದರು. ಇದೆ ಎಂದು ತೋರಿಸಲು ಹೋಗಿ ನಾನೇ ಸುಮ್ಮನಾದೆ. ಆ ವಾಕ್ಯದೊಳಗೆ ಅದು ಇತ್ತು, ಆದರೆ ಕೇಳುವವರ ಕಿವಿಗೆ ಬೀಳುವಂತೆ ಇರಲಿಲ್ಲ. ಆ ರಾತ್ರಿ ಕುಳಿತು ಹೀಗೆ ತಿದ್ದಿದೆ: ‘ನೀವು ಬೇಡ ಎನ್ನಬಹುದು. ಬೇಡ ಎಂದರೆ ನಿಮ್ಮ ರೇಷನ್ ಕಾರ್ಡಿಗೆ, ಅಂಗನವಾಡಿಯ ಊಟಕ್ಕೆ, ಆಸ್ಪತ್ರೆಯ ಚಿಕಿತ್ಸೆಗೆ ಏನೂ ಆಗುವುದಿಲ್ಲ. ಹೂಂ ಎಂದಮೇಲೂ ನಡುವೆ ಸಾಕು ಎನ್ನಬಹುದು.’ ಊರುಗಳಿಗೆ ಹೋದ ಮೇಲೆ ಇದರ ಬೆಲೆ ತಿಳಿಯಿತು. ಬ್ಯಾಗು, ಗುರುತಿನ ಚೀಟಿ ಕಂಡ ಕೂಡಲೇ ನಾವು ಸರ್ಕಾರದವರು, ಮನೆ ಮಂಜೂರು ಮಾಡಲು ಬಂದವರು ಎಂದೇ ಜನ ತಿಳಿಯುತ್ತಿದ್ದರು. ಹಾಗೆ ತಿಳಿದು ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಅದನ್ನು ಮೊದಲು ಬಿಡಿಸಿ ಹೇಳಿ, ಅವರ ಮುಖದ ಮೇಲಿನ ನಿರಾಸೆಯನ್ನು ನೋಡಿ, ಆಮೇಲೆ ಮತ್ತೊಮ್ಮೆ ಕೇಳಬೇಕಾಗುತ್ತಿತ್ತು.

ಪ್ರಶ್ನಾವಳಿಯ ಕಥೆಯೂ ಇಂಥದ್ದೇ. ‘ನಿಮಗೆ ಸುಸ್ತಾಗುತ್ತದೆಯೇ?’ ಎಂದು ಬರೆದಿದ್ದೆವು. ಶಹಾಪುರ ತಾಲ್ಲೂಕಿನ ಊರೊಂದರಲ್ಲಿ ಪರೀಕ್ಷಾರ್ಥವಾಗಿ ಕೇಳಿದಾಗ ಹತ್ತಕ್ಕೆ ಹತ್ತು ಮಂದಿಯೂ, ‘ದುಡಿದರೆ ಸುಸ್ತಾಗದೆ ಏನು?’ ಎಂದರು. ಅವರು ಹೇಳಿದ್ದು ಸರಿಯೇ, ಪ್ರಶ್ನೆಯೇ ತಪ್ಪಾಗಿತ್ತು. ‘ಮೊದಲು ಒಂದೇ ಉಸಿರಿಗೆ ಮಾಡುತ್ತಿದ್ದ ಕೆಲಸಕ್ಕೆ ಈಗ ನಡುವೆ ಕೂರಬೇಕಾಗುತ್ತದೆಯೇ?’ ಎಂದು ಬದಲಿಸಿದೆವು. ಆಗ ಉತ್ತರಗಳು ಬೇರೆ ಬೇರೆಯಾದವು. ರಕ್ತಹೀನತೆ ಎಂಬ ಪದವನ್ನು ಅಲ್ಲಿ ಯಾರೂ ಬಳಸುವುದಿಲ್ಲ, ‘ಮೈಯಲ್ಲಿ ರಕ್ತ ಕಡಿಮೆ’ ಎನ್ನುತ್ತಾರೆ. ಮುಟ್ಟಿನ ರಕ್ತಸ್ರಾವದ ಬಗ್ಗೆ ಕೇಳುವಾಗ ಅತ್ತೆ ಪಕ್ಕದಲ್ಲಿ ಕುಳಿತಿದ್ದರೆ ಸೊಸೆ ಎಲ್ಲದಕ್ಕೂ ಇಲ್ಲ ಎನ್ನುತ್ತಾಳೆ. ಹೀಗಾಗಿ ಒಬ್ಬರು ಅತ್ತೆಯನ್ನು ಬೇರೆ ಮಾತಿಗೆಳೆದು ಹೊರಗಿನ ಕಟ್ಟೆಯಲ್ಲಿ ಕೂರಿಸುವುದು ನಮ್ಮ ತಂಡದ ಖಾಯಂ ಕೆಲಸವಾಯಿತು. ತಾಂಡಾಗಳಲ್ಲಿ ಇನ್ನೂ ಒಂದು ತೊಡಕಿತ್ತು. ಅಲ್ಲಿನ ಹಿರಿಯ ಹೆಂಗಸರಿಗೆ ಲಂಬಾಣಿಯೇ ಮನೆಮಾತು, ನಮ್ಮ ಪತ್ರಗಳೆಲ್ಲ ಕನ್ನಡದಲ್ಲಿ. ತಾಂಡಾದಿಂದಲೇ ಬಂದ ಇಬ್ಬರು ಪದವೀಧರೆಯರನ್ನು ತಂಡಕ್ಕೆ ಸೇರಿಸಿಕೊಂಡ ಮೇಲೆಯೇ ಅಲ್ಲಿ ಕೆಲಸ ಆರಂಭಿಸಿದ್ದು.

ಬೆರಳಿಗೆ ಸೂಜಿ ಚುಚ್ಚುವುದನ್ನು ನಾನು ವಿಶ್ವವಿದ್ಯಾಲಯದ ತರಬೇತಿಯಲ್ಲಿ ಸಹೋದ್ಯೋಗಿಗಳ ಕೈಯ ಮೇಲೆ ಕಲಿತಿದ್ದೆ. ನಡುಬೆರಳು ಅಥವಾ ಉಂಗುರ ಬೆರಳು. ತುದಿಯ ಮಧ್ಯದಲ್ಲಲ್ಲ, ಸ್ವಲ್ಪ ಪಕ್ಕಕ್ಕೆ. ಮೊದಲ ಎರಡು ಹನಿಗಳನ್ನು ಒರೆಸಿಬಿಡಬೇಕು, ಮೂರನೆಯದನ್ನು ಸಣ್ಣ ಪ್ಲಾಸ್ಟಿಕ್ ಕ್ಯುವೆಟ್ಟಿಗೆ ಹೀರಿಸಬೇಕು. ಅದಕ್ಕೆ ಬೇಕಾದದ್ದು 10 ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತಲೂ ಕಡಿಮೆ. ಹನಿ ಬಾರದಿದ್ದರೆ ಬೆರಳನ್ನು ಹಿಂಡಬಾರದು. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ದ್ರವವೂ ಸೇರಿ ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಸಹೋದ್ಯೋಗಿಗಳ ಬೆರಳಿನಲ್ಲಿ ಎಲ್ಲವೂ ಸಲೀಸಾಗಿ ನಡೆದಿತ್ತು. ಇಲ್ಲಿ ಹತ್ತಿ ಬಿಡಿಸಿ, ಸೆದೆ ಕಿತ್ತು, ಕಲ್ಲು ಹೊತ್ತ ಬೆರಳುಗಳು. ಚರ್ಮ ಎಷ್ಟು ದಪ್ಪಗಟ್ಟಿರುತ್ತಿತ್ತೆಂದರೆ ಲ್ಯಾನ್ಸೆಟ್ ಟಕ್ಕೆಂದು ಬಿದ್ದರೂ ಒಂದು ಬಿಳಿ ಚುಕ್ಕೆ ಮೂಡುತ್ತಿತ್ತು, ಅಷ್ಟೇ. ರಕ್ತ ಬರುತ್ತಿರಲಿಲ್ಲ. ಎರಡನೆಯ ಸಲ ಚುಚ್ಚಲು ನನಗೆ ಮನಸ್ಸಾಗುತ್ತಿರಲಿಲ್ಲ. ಆಶಾ ಕಾರ್ಯಕರ್ತೆಯೊಬ್ಬರು ಉಪಾಯ ಹೇಳಿಕೊಟ್ಟರು: ಮೊದಲು ಬೆಚ್ಚಗಿನ ನೀರಿನಲ್ಲಿ ಕೈ ತೊಳೆಸಿ, ಒರೆಸಿ, ಕೈಯನ್ನು ಸ್ವಲ್ಪ ಹೊತ್ತು ಕೆಳಕ್ಕೆ ಇಳಿಬಿಟ್ಟು ಕೂರಿಸಿ. ಅಂದಿನಿಂದ ನಮ್ಮ ಸಾಮಾನಿನ ಪಟ್ಟಿಗೆ ಒಂದು ಥರ್ಮಾಸ್ ಸೇರಿತು.

ಆ ಕ್ಯುವೆಟ್ಟನ್ನು ಒಳಗಿಟ್ಟು ಹಿಮೋಗ್ಲೋಬಿನ್ ಅಳೆಯುವ ಯಂತ್ರಕ್ಕೂ ಅಲ್ಲಿನ ಬಿಸಿಲು ಆಗಿಬರುವುದಿಲ್ಲ. ನಾವು ಬಳಸುತ್ತಿದ್ದ ಮಾದರಿಯನ್ನು 30 ಡಿಗ್ರಿಗಿಂತ ಹೆಚ್ಚು ಬಿಸಿಯಿರುವಲ್ಲಿ ಬಳಸಬಾರದು ಎಂದು ಕೈಪಿಡಿಯಲ್ಲೇ ಇದೆ. ಮಾರ್ಚ್ ತಿಂಗಳಲ್ಲಿ ಯಾದಗಿರಿಯ ಹಗಲು ಎಲ್ಲಿಯ 30 ಡಿಗ್ರಿ! ಬೆಳಗಿನ ಆರಕ್ಕೆ ಶುರುಮಾಡಿ ಹತ್ತರೊಳಗೆ ಬೆರಳಿನ ಪರೀಕ್ಷೆ ಮುಗಿಸಿ, ಉಳಿದ ಪ್ರಶ್ನೆಗಳನ್ನು ಸಂಜೆಗೆ ಇಟ್ಟುಕೊಳ್ಳುತ್ತಿದ್ದೆವು. ಬೆರಳಿನ ತುದಿಯ ರಕ್ತಕ್ಕೂ ರಕ್ತನಾಳದಿಂದ ತೆಗೆದ ರಕ್ತಕ್ಕೂ ಫಲಿತಾಂಶದಲ್ಲಿ ಅಂತರ ಬರುತ್ತದೆ ಎಂಬ ಚರ್ಚೆ ದೇಶದಲ್ಲಿ ಜೋರಾಗಿಯೇ ನಡೆದಿದೆ. ಅದಕ್ಕಾಗಿಯೇ ಆರನೆಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಕೈಬಿಟ್ಟು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗೆ ರಕ್ತನಾಳದ ಮಾದರಿಯಿಂದಲೇ ಅಳೆಯುವ ಬೇರೊಂದು ಸಮೀಕ್ಷೆಯ ಹೊಣೆ ವಹಿಸಿದರು. ಆ ಚರ್ಚೆ ಬೇಕಾದದ್ದೇ. ಆದರೆ ಚರ್ಚಿಸುವವರು ಒಮ್ಮೆ ಹತ್ತಿ ಬಿಡಿಸುವ ಕೈಯನ್ನು ಹಿಡಿದು ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಇನ್ನು ನನ್ನ ತಪ್ಪಿನ ವಿಷಯ.

ಮನೆಗಳನ್ನು ಆರಿಸುವ ಕ್ರಮ ಹೀಗಿತ್ತು. ಹಳ್ಳಿಗಳ ಪಟ್ಟಿ 2011ರ ಜನಗಣತಿಯದು, ಅದಕ್ಕಿಂತ ಹೊಸದು ನಮ್ಮ ಕೈಯಲ್ಲಿರಲಿಲ್ಲ. ಅದರಿಂದ ಜನಸಂಖ್ಯೆಗೆ ಅನುಗುಣವಾಗಿ ಹಳ್ಳಿಗಳನ್ನು ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತೇವೆ. ಹಳ್ಳಿಗೆ ಹೋದ ಮೇಲೆ ನಕ್ಷೆ ಬರೆದು, ಪ್ರತಿ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಸಂಖ್ಯೆ ಹಾಕುತ್ತೇವೆ. ಆ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಅಲ್ಲಿ ಕಂಪ್ಯೂಟರು 25 ಮನೆಗಳನ್ನು ಆರಿಸುತ್ತದೆ. ನಾವು ಆ 25 ಮನೆಗಳಿಗೆ ಮಾತ್ರ ಹೋಗಬೇಕು. ಬೀಗ ಇದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು. ಆಮೇಲೂ ಬೀಗವೇ ಇದ್ದರೆ ಹಾಗೆಂದು ಬರೆದು ಬರಬೇಕು. ಬದಲಿ ಮನೆ ತೆಗೆದುಕೊಳ್ಳುವಂತಿಲ್ಲ.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆ 25ರಲ್ಲಿ ಒಂಬತ್ತು ಮನೆಗಳಿಗೆ ಬೀಗ ಇತ್ತು. ಒಂಬತ್ತಕ್ಕೂ ಪ್ಲಾಸ್ಟಿಕ್ ಸುತ್ತಿತ್ತು. ಮೂರನೆಯ ದಿನ ಸಂಜೆ, ಕೊನೆಯ ಬಸ್ಸಿಗೆ ಒಂದು ಗಂಟೆ ಇರುವಾಗ, 47ನೇ ಸಂಖ್ಯೆಯ ಮನೆಯ ಮುಂದೆ ನಿಂತಿದ್ದೆ. ಪಕ್ಕದ ಮನೆಯಾಕೆ, ‘ಅವರು ದೀಪಾವಳಿ ಮುಗಿಸಿ ಹೋದವರು, ಯುಗಾದಿಗೇ ಬರುವುದು. ನನ್ನನ್ನು ಕೇಳಿ, ನಾನು ಹೇಳುತ್ತೇನೆ’ ಎಂದು ನಗುತ್ತಾ ಕರೆದರು. ನೀರು ಕೊಟ್ಟರು. ಮನೆ ಒಂದೇ ಗೋಡೆಯ ಆಚೆ ಈಚೆ. ಜಾತಿ ಒಂದೇ, ಜಮೀನೂ ಹೆಚ್ಚುಕಡಿಮೆ ಅಷ್ಟೇ. ಇದರಿಂದ ಏನು ಕೆಡುತ್ತದೆ ಎಂದುಕೊಂಡು ಅವರ ಬೆರಳಿನ ರಕ್ತ ತೆಗೆದು, 47ನೇ ಮನೆಯ ನಮೂನೆಯಲ್ಲಿ ತುಂಬಿದೆ. ಆಕೆಯ ಹಿಮೋಗ್ಲೋಬಿನ್ ಡೆಸಿಲೀಟರ್ ರಕ್ತಕ್ಕೆ 11.9 ಗ್ರಾಂ. ಗರ್ಭಿಣಿಯಲ್ಲದ ಮಹಿಳೆಗೆ 12 ಇರಬೇಕು, ಕೂದಲೆಳೆಯ ಕೊರತೆ.

ಎರಡು ದಿನ ಬಿಟ್ಟು ಮಾರ್ಗದರ್ಶಕಿಯವರು ಫೋನ್ ಮಾಡಿದರು. ಮನೆಪಟ್ಟಿಯಲ್ಲಿ ಬರೆದ ಯಜಮಾನರ ಹೆಸರಿಗೂ ನಮೂನೆಯಲ್ಲಿನ ಹೆಸರಿಗೂ ತಾಳೆಯಾಗುತ್ತಿಲ್ಲ ಎಂದರು. ನಾನು ನಡೆದದ್ದನ್ನು ಹೇಳಿಬಿಟ್ಟೆ. ಅವರು ದನಿ ಏರಿಸಲಿಲ್ಲ. ಆ ನಮೂನೆಯನ್ನು ರದ್ದು ಮಾಡಿ, ಕಾರಣವನ್ನು ನನ್ನ ಕೈಯಿಂದಲೇ ಬರೆಸಿದರು. ಆ ವಾರ ಅವರು ಯಾದಗಿರಿಗೆ ಬಂದಾಗ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕುಳಿತು ಹೇಳಿದ ಮಾತುಗಳು, ತರಗತಿಯಲ್ಲಿ ಎರಡು ವರ್ಷ ಕೇಳಿದ್ದಕ್ಕಿಂತ ಆಳಕ್ಕೆ ಇಳಿದವು.

ಊರಲ್ಲಿ ಉಳಿದಾಕೆಗೆ ಉಳಿಯಲು ಏನೋ ಒಂದು ಆಧಾರವಿದೆ ಎಂದರು ಅವರು. ಎರಡು ಎಮ್ಮೆ ಇರಬಹುದು, ನೀರಾವರಿಯ ತುಂಡು ಹೊಲ ಇರಬಹುದು, ನೌಕರಿಯಲ್ಲಿರುವ ಮೈದುನ ಇರಬಹುದು. ಬೀಗ ಹಾಕಿ ಹೋದವಳಿಗೆ ಅದಿಲ್ಲ. ಆಕೆ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಉಣ್ಣಲು ಅಲ್ಲಿಲ್ಲ, ಆಶಾ ಕಾರ್ಯಕರ್ತೆ ಮಾತ್ರೆ ಹಿಡಿದು ಬಂದಾಗ ಅಲ್ಲಿಲ್ಲ. ಇಬ್ಬರೂ ಒಂದೇ ಎಂದುಕೊಂಡು ಒಬ್ಬಳ ಬದಲು ಇನ್ನೊಬ್ಬಳ ಬೆರಳು ಚುಚ್ಚಿದರೆ, ಯಾರು ಹೆಚ್ಚು ಕಷ್ಟದಲ್ಲಿದ್ದಾಳೋ ಅವಳನ್ನೇ ಲೆಕ್ಕದಿಂದ ತೆಗೆದಂತಾಯಿತು.

ಆಮೇಲೆ ಅವರು ತೋರಿಸಿದ ಇನ್ನೊಂದು ಸಂಗತಿಯನ್ನು ನಾನು ಓದಿದ್ದೆ, ಆದರೆ ಗಮನಿಸಿರಲಿಲ್ಲ. ಇಂಥ ಸಮೀಕ್ಷೆಗಳಲ್ಲಿ ಪ್ರತಿ ಮನೆಯ ಭೇಟಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಸಂದರ್ಶನ ಮುಗಿದರೆ 1. ಉತ್ತರಿಸಬಲ್ಲವರು ಯಾರೂ ಮನೆಯಲ್ಲಿ ಸಿಗದಿದ್ದರೆ 2. ಇಡೀ ಕುಟುಂಬ ದೀರ್ಘಕಾಲ ಊರಲ್ಲಿಲ್ಲದಿದ್ದರೆ 3. ಕೊನೆಗೆ ‘ಎಷ್ಟು ಮನೆಯವರು ಸ್ಪಂದಿಸಿದರು’ ಎಂಬ ಪ್ರಮಾಣ ಲೆಕ್ಕ ಹಾಕುವಾಗ, ಮುಗಿದ ಸಂದರ್ಶನಗಳನ್ನು ಜನ ಇರುವ ಮನೆಗಳಿಂದ ಮಾತ್ರ ಭಾಗಿಸುತ್ತಾರೆ. 3 ಎಂದು ಬರೆದ ಮನೆಗಳು ಆ ಭಾಗಾಕಾರದ ಒಳಗೇ ಬರುವುದಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆ ದೇಶದಲ್ಲಿ ಸುಮಾರು 6.37 ಲಕ್ಷ ಮನೆಗಳಲ್ಲಿ ನಡೆದು, ಸ್ಪಂದನೆ ಶೇ 98 ಎಂದು ವರದಿಯಾಗಿದೆ. ಅದು ಸುಳ್ಳಲ್ಲ, ನಿಯಮದ ಪ್ರಕಾರ ಸರಿಯಾದ ಲೆಕ್ಕವೇ. ಆದರೆ ನಮ್ಮ ಸುರಪುರದ ಆ ಹಳ್ಳಿಗೆ ಅದೇ ಸೂತ್ರ ಹಾಕಿದಾಗ ಸ್ಪಂದನೆ ನೂರಕ್ಕೆ ನೂರು ಬಂತು! ಒಂಬತ್ತು ಬೀಗಗಳು ಎಲ್ಲಿಯೂ ಕಾಣಲಿಲ್ಲ. ಅತ್ತ ಬೆಂಗಳೂರಿನಲ್ಲಿ ಅವರು ಇರುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ, ಖಾಲಿ ನಿವೇಶನದ ನೀಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ. ಹಳೆಯ ಜನಗಣತಿಯಿಂದ ಎತ್ತಿದ ಪಟ್ಟಿಯಲ್ಲಿ ಆ ಶೆಡ್ಡುಗಳು ಇರುವುದಿಲ್ಲ. ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೀಗ ತೆಗೆಯುವ ದಿನ ಯಾವುದೆಂದು ಊರಿನ ಎಲ್ಲರಿಗೂ ಗೊತ್ತಿತ್ತು. ಯುಗಾದಿಗೆ ಬರುತ್ತಾರೆ, ಇಲ್ಲವೇ ಮೊಹರಮ್ಮಿಗೆ. ಆ ಭಾಗದಲ್ಲಿ ಮೊಹರಂ ಎಲ್ಲ ಜಾತಿಯವರ ಹಬ್ಬ. ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಗೂ ಕೆಲವರು ಬಂದು ಹೋಗುತ್ತಾರೆ. ನಮ್ಮ ಸಮೀಕ್ಷೆಯ ವೇಳಾಪಟ್ಟಿಯನ್ನು ಮಾತ್ರ ಅನುದಾನದ ವರ್ಷ, ಪರೀಕ್ಷೆಯ ರಜೆ, ವಾಹನದ ಬಾಡಿಗೆ ನೋಡಿ ಮಾಡಿದ್ದೆವು. ಯುಗಾದಿಯ ವಾರದಲ್ಲಿ ಬೀಗ ಹಾಕಿದ ಎಲ್ಲ ಮನೆಗಳಿಗೂ ಮತ್ತೆ ಹೋಗಬೇಕೆಂದು ಮಾರ್ಗದರ್ಶಕಿಯವರು ನಿರ್ಧರಿಸಿದರು. ಅದಕ್ಕೆ ಮತ್ತೆ ನೈತಿಕ ಸಮಿತಿಯ ಒಪ್ಪಿಗೆ ಬೇಕಿತ್ತು. ಅದೇ ಶಿಕ್ಷಕಿ ಕೇಳಿದರು: ‘ಐದು ತಿಂಗಳ ಮೇಲೆ ನಾಲ್ಕು ದಿನಕ್ಕೆಂದು ಮನೆಗೆ ಬಂದವರನ್ನು ಹಬ್ಬದ ದಿನ ಕೂರಿಸಿ ಸೂಜಿ ಚುಚ್ಚುತ್ತೀರಾ?’ ನಮ್ಮಲ್ಲಿ ಯಾರಿಗೂ ಹೊಳೆಯದ ಮಾತು. ಹಬ್ಬದ ದಿನವೂ ಮರುದಿನವೂ ಯಾರ ಬಾಗಿಲಿಗೂ ಹೋಗುವುದಿಲ್ಲ, ಮೂರನೆಯ ದಿನದಿಂದ ಮಾತ್ರ ಎಂದು ಒಪ್ಪಿಕೊಂಡೆವು. ಜನ ವಾಪಸು ಹೊರಡುವುದು ನಾಲ್ಕನೆಯ ಐದನೆಯ ದಿನ. ನಮಗೆ ಸಿಕ್ಕುವುದು ಎರಡೇ ದಿನ. ಆದರೂ ಅದೇ ಸರಿ ಎನ್ನಿಸಿತು.

ಯುಗಾದಿಯ ಮೂರನೆಯ ದಿನ ಬೆಳಗಿನ ಆರೂವರೆಗೆ 47ನೇ ಮನೆಯ ಮುಂದೆ ನಿಂತಾಗ ಬಾಗಿಲು ತೆರೆದಿತ್ತು. ನಾನು ಬರೆದಿದ್ದ ಸೀಮೆಸುಣ್ಣದ 47 ಅರ್ಧ ಅಳಿಸಿತ್ತು. ಹೊಸ್ತಿಲಿಗೆ ಸುಣ್ಣ, ಕೆಮ್ಮಣ್ಣು ಬಿದ್ದಿತ್ತು. ಚೌಕಟ್ಟಿಗೆ ಮಾವಿನ ಎಲೆ. ಗೋಡೆಯ ಗೂಟಕ್ಕೆ ಆ ಬೀಗ ನೇತುಹಾಕಿತ್ತು, ಪ್ಲಾಸ್ಟಿಕ್ ಚೀಲವನ್ನೂ ದಾರವನ್ನೂ ಮಡಿಸಿ ಅದರ ಕಿವಿಗೇ ಸಿಕ್ಕಿಸಿದ್ದರು, ಮತ್ತೆ ಬೇಕಾಗುತ್ತದೆ ಎಂದು. ಒಳಗಿನಿಂದ ಇಪ್ಪತ್ತೆರಡು ಇಪ್ಪತ್ತಮೂರರ ಹೆಣ್ಣುಮಗಳು ಬಂದಳು. ಆರು ತಿಂಗಳ ಗರ್ಭಿಣಿ. ಹಿಂದೆ ಎರಡು ವರ್ಷದ ಮಗು ಸೆರಗು ಹಿಡಿದು ನಿಂತಿತ್ತು.

ಒಪ್ಪಿಗೆ ಪತ್ರ ಓದಿದೆ. ‘ಬೇಡ ಎನ್ನಬಹುದು’ ಎಂಬಲ್ಲಿ ಆಕೆ ನನ್ನ ಮುಖ ನೋಡಿ, ‘ಬೇಡ ಎಂದರೆ ಬೇಜಾರಿಲ್ಲವಾ?’ ಎಂದು ಕೇಳಿದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೈ ಮುಂದೆ ಮಾಡಿದಳು. ಥರ್ಮಾಸಿನ ನೀರಿನಲ್ಲಿ ಕೈ ತೊಳೆಸಿದೆ. ಬೆರಳ ಸಂದಿಯಲ್ಲಿ ಸಿಮೆಂಟಿನ ಬೂದಿಬಣ್ಣ ಇನ್ನೂ ಹೋಗಿರಲಿಲ್ಲ. ಉಗುರಿನ ಬುಡ ಕಾಗದದಂತೆ ಬಿಳಿಚಿಕೊಂಡಿತ್ತು. ಮೂರನೆಯ ಹನಿ ನೀರುನೀರಾಗಿತ್ತು. ಯಂತ್ರ ಕೆಲವು ಕ್ಷಣ ಯೋಚಿಸಿ 6.8 ತೋರಿಸಿತು. ಇನ್ನೊಂದು ಕೈಯಿಂದ ಮತ್ತೊಮ್ಮೆ ತೆಗೆದೆ. 6.7.

ಗರ್ಭಿಣಿಗೆ 11 ಇರಬೇಕು. 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ, ಮಾತ್ರೆಯಿಂದ ಆಗುವ ಕೆಲಸವಲ್ಲ, ವೈದ್ಯರ ಬಳಿಗೆ ಕೂಡಲೇ ಕಳುಹಿಸಬೇಕು. ಫಲಿತಾಂಶವನ್ನು ಅಲ್ಲೇ ಚೀಟಿಯಲ್ಲಿ ಬರೆದುಕೊಡುವುದು ನಮ್ಮ ನಿಯಮ. ಬರೆದುಕೊಟ್ಟು, ಇದರ ಅರ್ಥವೇನೆಂದು ಹೇಳಿದೆ. ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವ ಶಕ್ತಿ ಮೈಗೆ ಇರುವುದಿಲ್ಲ ಎಂದಾಗ ಆಕೆ ಮಗುವನ್ನು ಎತ್ತಿಕೊಂಡಳು. ತಾಯಿ ಕಾರ್ಡ್ ತೋರಿಸು ಎಂದೆ. ಕಬ್ಬಿಣದ ಟ್ರಂಕಿನಿಂದ ತೆಗೆದುಕೊಟ್ಟಳು. ಅದು ಮೊದಲ ಮಗುವಿನದು. ಈ ಸಲದ್ದು ಎಲ್ಲಿಯೂ ನೋಂದಣಿಯಾಗಿರಲಿಲ್ಲ. ‘ಅಲ್ಲಿ ಹೋದರೆ ನಿಮ್ಮ ಊರಲ್ಲಿ ಮಾಡಿಸಿ ಎಂದರು. ಇಲ್ಲಿ ಬಂದಿರುವುದೇ ಈಗ.’

ಆಶಾ ಕಾರ್ಯಕರ್ತೆ ಬಂದರು. ಅವರು ಆಕೆಯನ್ನು ಮೂರು ತಿಂಗಳಿಂದ ಫೋನಿನಲ್ಲಿ ಹುಡುಕುತ್ತಿದ್ದರಂತೆ, ನಂಬರು ಬದಲಾಗಿತ್ತು. ಅಂದೇ ಮಧ್ಯಾಹ್ನ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಬ್ಬಿಣಾಂಶವನ್ನು ರಕ್ತನಾಳಕ್ಕೇ ಕೊಡಬೇಕು, ಒಂದೇ ಸಲಕ್ಕೆ ಮುಗಿಯುವುದಿಲ್ಲ, ದಿನ ಬಿಟ್ಟು ದಿನ ಬರಬೇಕು ಎಂದರು ವೈದ್ಯರು. ಆಕೆಯ ಗಂಡ ತಲೆ ತಗ್ಗಿಸಿದ. ಮರುದಿನ ರಾತ್ರಿಯ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹೊರಡಬೇಕಿತ್ತು. ಮೇಸ್ತ್ರಿಯಿಂದ ಇಬ್ಬರ ಹೆಸರಿನಲ್ಲೂ ಮುಂಗಡ ತಂದು ಹಬ್ಬಕ್ಕೆ ಖರ್ಚು ಮಾಡಿಯಾಗಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ನನಗೆ ಆಗಲಿಲ್ಲ. ಆಸ್ಪತ್ರೆಯ ಬೇವಿನ ಮರದ ಕೆಳಗೆ ಆಶಾ ಕಾರ್ಯಕರ್ತೆ ಅವನೊಂದಿಗೆ ಒಂದು ತಾಸು ಮಾತನಾಡಿದರು. ನಾನು ದೂರದಲ್ಲಿ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಾ ಕುಳಿತಿದ್ದೆ. ಸಂಶೋಧಕಿಯಾಗಿ ನನ್ನ ಕೆಲಸ ಚೀಟಿ ಕೊಟ್ಟಲ್ಲಿಗೆ ಮುಗಿದಿತ್ತು, ಎದ್ದು ಹೋಗಲು ಮಾತ್ರ ಕಾಲು ಬರಲಿಲ್ಲ.

ಅವನು ಒಬ್ಬನೇ ಹೋದ. ಆಕೆ ಅತ್ತೆಯ ಜೊತೆ ಹನ್ನೆರಡು ದಿನ ಉಳಿದು ನಾಲ್ಕು ಸಲ ಡ್ರಿಪ್ ಹಾಕಿಸಿಕೊಂಡಳು. ಹೊಸ ತಾಯಿ ಕಾರ್ಡ್ ಆಯಿತು. ಬೆಂಗಳೂರಿನಲ್ಲಿ ಅವರು ಇರುವ ಶೆಡ್ಡಿಗೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ ಯಾವುದೆಂದು ಹುಡುಕಿ, ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟೆ. ಆಮೇಲೆ ಆಕೆಯೂ ಹೊರಟಳು.

ಆ ಎರಡು ದಿನಗಳಲ್ಲಿ ಒಂಬತ್ತು ಬೀಗಗಳಲ್ಲಿ ಆರು ತೆರೆದವು. ಬೇರೆ ಹಳ್ಳಿಗಳಲ್ಲೂ ತಂಡದವರು ಹೀಗೆಯೇ ಸುತ್ತಿದರು. ವರದಿ ಬರೆಯುವಾಗ ಮಾರ್ಗದರ್ಶಕಿಯವರು ಒಂದು ವಿಷಯದಲ್ಲಿ ಹಟ ಹಿಡಿದರು: ಸಂಕೇತ 3ರ ಮನೆಗಳು ಎಷ್ಟೆಂದು ಮೊದಲ ಕೋಷ್ಟಕದಲ್ಲೇ ಇರಬೇಕು, ಅಡಿಟಿಪ್ಪಣಿಯಲ್ಲಿ ಅಲ್ಲ. ಯುಗಾದಿಗೆ ಸಿಕ್ಕಿದವರ ಫಲಿತಾಂಶ ಬೇರೆಯಾಗಿಯೂ ಇರಬೇಕು. ಹೀಗೆ ಮಾಡಿದರೆ ನಮ್ಮ ಸ್ಪಂದನೆಯ ಪ್ರಮಾಣ ಕಡಿಮೆಯಾಗಿ ಕಾಣುತ್ತದೆ, ಸಂಶೋಧನಾ ಪತ್ರಿಕೆಗಳು ಒಪ್ಪದಿರಬಹುದು ಎಂದು ವಿಭಾಗದಲ್ಲಿ ಕೆಲವರು ಹೇಳಿದರು. ಅದು ಆದಂತೆ ಆಗಲಿ ಎಂದು ಅವರು ಕೋಷ್ಟಕವನ್ನು ಹಾಗೆಯೇ ಉಳಿಸಿದರು.

ಹಳ್ಳಿಗೆ ಫಲಿತಾಂಶ ಹೇಳಲು ಹೋದದ್ದು ಮಳೆಗಾಲದಲ್ಲಿ. ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಮೂವತ್ತು ನಲವತ್ತು ಜನ ಇದ್ದರು. ಹೆಂಗಸರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಾತ್ರೆಯ ಬಗ್ಗೆ: ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಏನು ಮಾಡುವುದು. ಊಟವಾದ ಮೇಲೆ ರಾತ್ರಿ ನುಂಗಿ, ಚಹಾದ ಜೊತೆ ಬೇಡ, ಬಣ್ಣ ಬದಲಾಗುವುದು ಸಹಜ, ಹೆದರಬೇಡಿ ಎಂದು ಹೇಳಿದೆವು. ಅಂಗನವಾಡಿಯ ಪುಸ್ತಕದಲ್ಲಿ ಹಂಚಿದ್ದಾಗಿ ಬರೆದ ಮಾತ್ರೆಗಳಲ್ಲಿ ಎಷ್ಟೋ, ಗೋಡೆಯ ಗೂಡಿನಲ್ಲಿ ಹಾಗೇ ಉಳಿದಿರುವುದು ಯಾಕೆಂಬುದಕ್ಕೆ ಅರ್ಧ ಉತ್ತರ ಈ ಪ್ರಶ್ನೆಗಳಲ್ಲೇ ಇತ್ತು. ಸಭೆ ಮುಗಿದ ಮೇಲೆ 47ನೇ ಮನೆಯ ಮುಂದೆ ಹಾದುಹೋದೆ. ಬೀಗಕ್ಕೆ ಪ್ಲಾಸ್ಟಿಕ್ ಸುತ್ತಿತ್ತು.

ಈಗ ಹೊಸದೊಂದು ಅಧ್ಯಯನಕ್ಕೆ ಮನೆಪಟ್ಟಿಯ ನಮೂನೆ ತಯಾರಿಸುತ್ತಿದ್ದೇನೆ. ಅದರಲ್ಲಿ ಎರಡು ಅಂಕಣ ಹೊಸದಾಗಿ ಸೇರಿಸಿದ್ದೇನೆ: ಈ ಮನೆಯವರು ಎಲ್ಲಿಗೆ ದುಡಿಯಲು ಹೋಗಿದ್ದಾರೆ, ಯಾವ ಹಬ್ಬಕ್ಕೆ ಬರುತ್ತಾರೆ. ಕಳೆದ ವಾರ ಅದರ ಬಗ್ಗೆ ಕೇಳಲು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದಾಗ, ಮಾತಿನ ನಡುವೆ ಅವರೇ ಹೇಳಿದರು: ಆಕೆಗೆ ಹೆಣ್ಣು ಮಗುವಾಗಿದೆ, ಬೆಂಗಳೂರಿನಲ್ಲೇ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಗಂಡ ತಿಳಿಸಿದನಂತೆ. ಮಗುವಿನ ತೂಕ ಎಷ್ಟು ಎಂದು ಕೇಳಿದೆ. ಅದನ್ನು ಅವನು ಹೇಳಲಿಲ್ಲ, ಮೊಹರಮ್ಮಿಗೆ ಬಂದಾಗ ನಾನೇ ತೂಗಿ ನೋಡುತ್ತೇನೆ ಎಂದರು.